ಹೋದ ರೊಕ್ಕ ಆಟದಾಗ ತಿರುಗಿ ಬರ್ತದೇನು?



ಯಾದಗಿರಿ, ಶಹಾಪುರ, ಸುರಪುರದ ಕಡೆ ಹತ್ತಿ ಮಾರಿದ ರೊಕ್ಕ ಕೈಗೆ ಬಂದಾಗ, ಹಬ್ಬ ಬಂದಾಗ ಇಸ್ಪೀಟಿಗೆ ಕೂಡುವವರಿದ್ದಾರೆ. "ಇದು ಜೂಜಲ್ಲ, ತಲಿ ಓಡಿಸೋ ಆಟ" ಅನ್ನುತ್ತಾರೆ. ಈ ಮಾತು ಎಷ್ಟು ನಿಜ?

ಎಲ್ಲ ಆಟ ಒಂದೇ ಅಲ್ಲ. ಅಂದರ್-ಬಾಹರ್‌ನಲ್ಲಿ ಜಾಣತನಕ್ಕೆ ಕೆಲಸವೇ ಇಲ್ಲ. ಮಟಕಾದಲ್ಲಿ 0ಯಿಂದ 9ರವರೆಗೆ ಹತ್ತು ಅಂಕಿ. ರೂಪಾಯಿಗೆ 9 ರೂಪಾಯಿ ಕೊಡುವ ಕಡೆ ಹತ್ತೂ ಅಂಕಿಗೆ 10 ರೂಪಾಯಿಯಂತೆ ಕಟ್ಟಿ ನೋಡಿ: 100 ಹೋಗಿ 90 ಬರುತ್ತದೆ. ಉಳಿದ 10 ಆಡಿಸುವವನಿಗೆ.

ರಮ್ಮಿ, ಪೋಕರ್‌ನಲ್ಲಿ ಜಾಣತನ ಇದೆ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಪೋಕರ್‌ನಲ್ಲಿ ನುರಿತವರು ಎಲೆಗಳ ಲೆಕ್ಕ ಹಾಕುತ್ತಾರೆ, ಎದುರಿನವರ ಮುಖ ಓದುತ್ತಾರೆ, ತಮ್ಮ ಮುಖದಲ್ಲಿ ಏನೂ ತೋರಿಸುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಜಾಣತನ ಎಂದರೆ, ಎಲೆ ಚಲೋ ಇಲ್ಲದಾಗ ಕೆಳಗಿಡುವುದು, ಸೋತಾಗ ಎದ್ದು ಹೋಗುವುದು.

ಮನಸ್ಸು ಎಡವುವುದು ಇಲ್ಲೇ. ಸೋತವನಿಗೆ "ಇನ್ನೊಂದಾಟದಾಗ ಬರ್ತದ" ಅನಿಸುತ್ತದೆ. ಒಂದೇ ಎಲೆಯಿಂದ ತಪ್ಪಿದರೆ ಗೆಲುವು ಹತ್ತಿರ ಬಂತು ಅನಿಸುತ್ತದೆ. ಆದರೆ ಎಲೆಗೆ ಹಿಂದಿನ ಸೋಲಿನ ನೆನಪಿಲ್ಲ. ಧರ್ಮರಾಯನೂ ಎದ್ದು ಬರಲಿಲ್ಲ. ರಾಜ್ಯ, ತಮ್ಮಂದಿರು, ಕೊನೆಗೆ ದ್ರೌಪದಿಯನ್ನೂ ಪಣಕ್ಕಿಟ್ಟ. ಸಾಲ ತಂದು ಆಡುವವನನ್ನಂತೂ ಬಡ್ಡಿಯೇ ಮತ್ತೆ ಆಟಕ್ಕೆ ಕೂಡಿಸುತ್ತದೆ. ಎಮ್ಮೆಗೆಂದು ಸಂಘದಲ್ಲಿ ಬರೆಸಿದ ಸಾಲ ಆಟಕ್ಕೆ ಹೋದರೆ ಕಂತು ಕಟ್ಟಬೇಕಾದವಳು ನಮ್ಮ ಅಕ್ಕ, ತಂಗಿ.

ನಾವು ಏನು ಮಾಡಬಹುದು?

* ಸಾಲ ಕೊಟ್ಟ ತಿಂಗಳೊಳಗೆ ಇಬ್ಬರು ಸದಸ್ಯರು ಹೋಗಿ ಎಮ್ಮೆಯನ್ನೋ ಹೊಲಿಗೆ ಯಂತ್ರವನ್ನೋ ಕಣ್ಣಾರೆ ನೋಡಿ ಬರಲಿ.
* ಆಟದ ಸೋಲು ತುಂಬಲು ಇನ್ನೊಂದು ಸಾಲ ಬೇಡ. ಆದರೆ ಆ ಮನೆಯ ತಂಗಿಯನ್ನು ಆಡಿಕೊಳ್ಳುವುದೂ ಬೇಡ. ಆಕೆಯ ಜೊತೆ ನಿಲ್ಲೋಣ.
* ಪಾಸ್‌ಬುಕ್, ಎಟಿಎಂ ಕಾರ್ಡು ನಿಮ್ಮ ಬಳಿಯೇ ಇರಲಿ. ಪಿನ್ ಯಾರಿಗೂ ಹೇಳಬೇಡಿ.
* ಹಣ ಕಟ್ಟಿ ಆಡುವ ಮೊಬೈಲ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿತು. "ಇದು ಕೌಶಲದ ಆಟ" ಎಂಬ ನೆವ ಅಲ್ಲಿ ನಡೆಯುವುದಿಲ್ಲ.
* ಚಟ ಬಿಡಲಾಗದೆ ಒದ್ದಾಡುವವರು, ಅವರ ಮನೆಯವರು ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಲಿ. ಕರೆ ಉಚಿತ.

ಮನೆಗೆ ಹೋಗಿ ಹೇಳ್ರಿ: ಹೋದದ್ದು ಹೋಯಿತು ಅಂತ ಎದ್ದು ಬರುವವನೇ ಜಾಣ. ಉಳಿದದ್ದು ಮಕ್ಕಳ ಪಾಲು.