ಸೂಜಿ ಚುಚ್ಚಿದ ಪೇರಲ

ಬೀದರ್ ತಾಲ್ಲೂಕಿನ ಕಮಠಾಣದ ಕಡೆಯದು ಕೆಮ್ಮಣ್ಣಿನ ನೆಲ, ಪೇರಲಕ್ಕೆ ಒಗ್ಗುವ ಮಣ್ಣು. ಕಿತ್ತು ಬುಟ್ಟಿಗೆ ತುಂಬುವಾಗ ಹಣ್ಣು ಹಸಿರಾಗಿ ಗಟ್ಟಿಯಾಗಿರುತ್ತದೆ. ಮೂರ್ನಾಲ್ಕು ದಿನಕ್ಕೆ ಹಳದಿ ತಿರುಗಿ ಮನೆಯೆಲ್ಲ ಘಮಘಮ. ಅದೇ ಹೊತ್ತಿಗೆ ಸಿಪ್ಪೆಯ ಮೇಲೊಂದು ಕಂದು ಚುಕ್ಕೆ ಏಳುತ್ತದೆ. ನೋಡುನೋಡುತ್ತ ತಗ್ಗಾಗಿ ರೂಪಾಯಿಯಷ್ಟು ಅಗಲವಾಗುತ್ತದೆ. ಬೂಷ್ಟು ಹಿಡಿಯಿತು ಎಂದು ಎಸೆಯುತ್ತೇವೆ.

ಬೂಷ್ಟೇ ಹಣ್ಣನ್ನು ಕೊಳೆಸಿತೋ, ಕೊಳೆತ ಮೇಲೆ ಬೂಷ್ಟು ಬಂದು ಕೂತಿತೋ? ಕಣ್ಣಿಗೆ ಕಂಡದ್ದು ಸಾಕ್ಷಿಯಾಗದು. ಜರ್ಮನಿಯ ರಾಬರ್ಟ್ ಕಾಖ್ 1880ರ ದಶಕದಲ್ಲಿ ಕ್ಷಯದ ರೋಗಾಣುವನ್ನು ಹಿಡಿದ ಕ್ರಮವೇ ಇಲ್ಲಿಯೂ ನಡೆಯುತ್ತದೆ.

ಮೊದಲು ಮಾದರಿ. ಕೊಳೆತ ನಡುಭಾಗವನ್ನು ಯಾರೂ ಮುಟ್ಟುವುದಿಲ್ಲ. ಅಲ್ಲಿ ತಡವಾಗಿ ಬಂದ ನೆಂಟರೇ ಹೆಚ್ಚು. ಕೊಳೆಗೂ ಒಳ್ಳೆಯ ತಿರುಳಿಗೂ ನಡುವಿನ ಅಂಚಿನಿಂದ ಚೂರು ಕತ್ತರಿಸಿ, ಮೇಲಿನ ಸೂಕ್ಷ್ಮಜೀವಿಗಳು ಸಾಯುವಂತೆ ಬ್ಲೀಚಿಂಗ್ ದ್ರಾವಣದಲ್ಲಿ ಕ್ಷಣಕಾಲ ಅದ್ದಿ, ಶುದ್ಧ ನೀರಲ್ಲಿ ತೊಳೆಯುತ್ತಾರೆ. ಆಮೇಲೆ ಆಲೂಗಡ್ಡೆ ಬೇಯಿಸಿದ ನೀರು, ಸಕ್ಕರೆ, ಅಗರ್ ಸೇರಿಸಿ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಆಹಾರದ ಮೇಲೆ ಇಡುತ್ತಾರೆ. ಸುಮಾರು ವಾರದಲ್ಲಿ ಶಿಲೀಂಧ್ರ ಹರಡುತ್ತದೆ. ತಗ್ಗು ಚುಕ್ಕೆಯಿಂದ ಸಾಮಾನ್ಯವಾಗಿ ಬರುವುದು ಕೊಲೆಟೋಟ್ರೈಕಮ್. ತೊಟ್ಟಿನ ಕಡೆಯಿಂದ ಕಪ್ಪಾದರೆ ಲ್ಯಾಸಿಯೋಡಿಪ್ಲೋಡಿಯಾ ಇರಬಹುದು.

ಈಗ ನಿಜವಾದ ಪರೀಕ್ಷೆ. ಚೊಕ್ಕ ಹಣ್ಣುಗಳಿಗೆ ಸೂಜಿ ಚುಚ್ಚಿ, ಗಾಯಕ್ಕೆ ಶಿಲೀಂಧ್ರದ ತುಣುಕು ಅಂಟಿಸುತ್ತಾರೆ. ಇನ್ನು ಕೆಲವಕ್ಕೆ ಚುಚ್ಚದೆ ಅಂಟಿಸುತ್ತಾರೆ. ಮತ್ತೆ ಕೆಲವಕ್ಕೆ ಬರೀ ಗಾಯ, ಶಿಲೀಂಧ್ರವಿಲ್ಲದ ಅಗರ್. ನನ್ನ ಮಟ್ಟಿಗೆ ಈ ಕೊನೆಯವೇ ಮುಖ್ಯ ಹಣ್ಣುಗಳು. ಅವಿಲ್ಲದಿದ್ದರೆ ಕೊಳೆಸಿದ್ದು ಸೂಜಿಯೋ ಶಿಲೀಂಧ್ರವೋ ಹೇಳಲಾಗದು. ತೇವದ ಡಬ್ಬಿಯಲ್ಲಿಟ್ಟು ದಿನವೂ ಕೊಳೆಯ ಅಗಲ ಅಳೆಯುತ್ತಾರೆ. ಕೊನೆಗೆ ಆ ಕೊಳೆಯಿಂದ ಅದೇ ಶಿಲೀಂಧ್ರ ಮತ್ತೆ ಸಿಗಬೇಕು.

ಚುಚ್ಚಿ ಶಿಲೀಂಧ್ರ ಅಂಟಿಸಿದ ಹಣ್ಣಷ್ಟೇ ಕೊಳೆತರೆ ತಪ್ಪು ಕೊಯ್ಲಿನದು, ಸಾಗಣೆಯದು: ಉಗುರು, ಕಲ್ಲು, ಬುಟ್ಟಿಯ ಕಡ್ಡಿ ತಾಗಿದ ಗಾಯ ಎಲ್ಲೋ ಆಗಿದೆ. ರೈಜೋಪಸ್, ಆಸ್ಪರ್ಜಿಲಸ್ ಬಹುಮಟ್ಟಿಗೆ ಹೀಗೆ ಗಾಯದಿಂದಲೇ ಒಳಹೊಗುತ್ತವೆ. ಕೊಲೆಟೋಟ್ರೈಕಮ್‌ಗೆ ಗಾಯ ಬೇಕಿಲ್ಲ. ಮಳೆಹನಿಯೊಂದಿಗೆ ಎಳೆಗಾಯಿಯ ಮೇಲೆ ಬಿದ್ದ ಬೀಜಕಣ ಮೊಳೆತು, ಕಪ್ಪು ಒತ್ತುಬಿಲ್ಲೆಯೊಂದನ್ನು ಕಟ್ಟಿ, ಸಿಪ್ಪೆಯನ್ನು ತೂರಿ ಸುಮ್ಮನೆ ಕಾಯುತ್ತದೆ. ಹಣ್ಣು ಮಾಗಿ ಮೆತ್ತಗಾದಾಗ ಜೀವಕೋಶಗಳನ್ನು ಬೆಸೆದ ಪೆಕ್ಟಿನ್ ಅಂಟನ್ನು ಕಿಣ್ವಗಳಿಂದ ಕರಗಿಸುತ್ತದೆ. ಪೇರಲ ಜೆಲ್ಲಿ ಗಟ್ಟಿಯಾಗುವುದೂ ಇದೇ ಪೆಕ್ಟಿನ್‌ನಿಂದ.

ಹಾಗಾಗಿ ಒಂದು ಪೇಚು: ಶಿಲೀಂಧ್ರ ಅಂಟಿಸದ ಹಣ್ಣೂ ಕೆಲವೊಮ್ಮೆ ಕೊಳೆತುಬಿಡುತ್ತದೆ, ಆ ಶಿಲೀಂಧ್ರ ತೋಟದಿಂದಲೇ ಹೊತ್ತು ತಂದದ್ದು. ಮರದಲ್ಲಿದ್ದಾಗಲೇ ಚೀಲ ತೊಡಿಸಿ ಬೆಳೆಸಿದ ಪೇರಲ ಸಿಕ್ಕರೆ ಪರೀಕ್ಷೆಗೆ ಅದೇ ಒಳ್ಳೆಯದು.