ಬ್ಯಾಂಕುಗಳ ವಿಲೀನದ ನಂತರ ಮಂಗಳೂರಿನಲ್ಲಿ ಉದ್ಯೋಗ: ನಮ್ಮ ಮನೆಗಳು ತಿಳಿದಿರಬೇಕಾದ ಸಂಗತಿಗಳು

ಮೂಡುಬಿದಿರೆ, ಕಾರ್ಕಳ, ಬೆಳ್ತಂಗಡಿ ಕಡೆಯ ಮನೆಗಳಲ್ಲಿ ಬಿ.ಕಾಂ. ಮುಗಿಸಿದ ಮಕ್ಕಳಿಗೆ ಹಿರಿಯರು ಹೇಳುತ್ತಿದ್ದ ಮಾತು ಒಂದೇ: "ಬ್ಯಾಂಕ್ ಪರೀಕ್ಷೆ ಕಟ್ಟು, ಮಂಗಳೂರಿನಲ್ಲೇ ಇರಬಹುದು." ಈಗಲೂ ಈ ಮಾತು ಕೇಳಿಬರುತ್ತದೆ. ಇದರ ಮೊದಲ ಅರ್ಧ ಇಂದಿಗೂ ಸರಿಯೇ. ಎರಡನೆಯ ಅರ್ಧವನ್ನು ಮಾತ್ರ ಇನ್ನೊಮ್ಮೆ ಯೋಚಿಸಬೇಕಾಗಿದೆ.

ಆ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಮತ್ತು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್. ಕೆನರಾ ಮತ್ತು ಸಿಂಡಿಕೇಟ್ 1969ರಲ್ಲಿ, ಕಾರ್ಪೊರೇಷನ್ ಮತ್ತು ವಿಜಯಾ 1980ರಲ್ಲಿ ರಾಷ್ಟ್ರೀಕರಣಗೊಂಡವು. ಸರ್ಕಾರಿ ಬ್ಯಾಂಕ್ ಆದ ಮೇಲೂ ಕಾರ್ಪೊರೇಷನ್ ಬ್ಯಾಂಕಿನ ಪ್ರಧಾನ ಕಚೇರಿ ಮಂಗಳೂರಿನ ಪಾಂಡೇಶ್ವರದಲ್ಲೂ, ಸಿಂಡಿಕೇಟ್ ಬ್ಯಾಂಕಿನದ್ದು ಮಣಿಪಾಲದಲ್ಲೂ ಉಳಿದುಕೊಂಡಿದ್ದವು.

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ (ಜೊತೆಗೆ ದೇನಾ ಬ್ಯಾಂಕ್) ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಸರಿಯಾಗಿ ಒಂದು ವರ್ಷಕ್ಕೆ, 2020ರ ಏಪ್ರಿಲ್ 1ರಂದು, ಸಿಂಡಿಕೇಟ್ ಕೆನರಾದಲ್ಲಿಯೂ ಕಾರ್ಪೊರೇಷನ್ ಮುಂಬೈಯ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ದೇಶದಲ್ಲಿ 2017ರಲ್ಲಿ 27 ಇದ್ದ ಸಾರ್ವಜನಿಕ ವಲಯದ ಬ್ಯಾಂಕುಗಳು 12ಕ್ಕೆ ಇಳಿದವು. ಇಂದು ಪ್ರಧಾನ ಕಚೇರಿಯನ್ನು ಮಂಗಳೂರಿನಲ್ಲೇ ಇಟ್ಟುಕೊಂಡಿರುವುದು ಆ ಐದರಲ್ಲಿ ಖಾಸಗಿ ವಲಯದ ಕರ್ಣಾಟಕ ಬ್ಯಾಂಕ್ ಒಂದೇ. ಅದರ ಕಚೇರಿ ಇರುವುದು ಕಂಕನಾಡಿಯ ಮಹಾವೀರ ವೃತ್ತದಲ್ಲಿ.

(ಹಿರಿಯರ ಪೆಟ್ಟಿಗೆಯಲ್ಲಿ ಹಳೆಯ ಷೇರುಗಳಿದ್ದವರಿಗೆ ಒಂದು ಮಾತು. ಪ್ರತಿ 1000 ಷೇರಿಗೆ ವಿಜಯಾದವರಿಗೆ ಬರೋಡಾದ 402, ಕಾರ್ಪೊರೇಷನ್‌ನವರಿಗೆ ಯೂನಿಯನ್‌ನ 330, ಸಿಂಡಿಕೇಟ್‌ನವರಿಗೆ ಕೆನರಾದ 158 ಷೇರು ಎಂದು ನಿಗದಿಯಾಗಿತ್ತು. ಕೆನರಾ ಷೇರು 2024ರಲ್ಲಿ ಒಂದಕ್ಕೆ ಐದರಂತೆ ವಿಭಜನೆಯೂ ಆಗಿದೆ. ಕಾಗದದ ಷೇರುಪತ್ರ ಇನ್ನೂ ಹಾಗೇ ಇದ್ದರೆ ಡಿಮ್ಯಾಟ್ ಮಾಡಿಸಿಕೊಳ್ಳಿ.)

ವಿಲೀನದಿಂದ ಯಾರ ಕೆಲಸವೂ ಹೋಗುವುದಿಲ್ಲ ಎಂದು ಕೇಂದ್ರ ಸರ್ಕಾರ ಆಗ ಹೇಳಿತ್ತು. ಇದ್ದ ನೌಕರರನ್ನು ಹೊಸ ಬ್ಯಾಂಕುಗಳು ತೆಗೆದುಕೊಂಡವು. ಆದರೆ ಒಂದು ಊರಿಗೆ ಬ್ಯಾಂಕಿನ ಪ್ರಧಾನ ಕಚೇರಿ ಎಂದರೆ ಕೌಂಟರಿನಲ್ಲಿ ಕೂತವರು ಮಾತ್ರ ಅಲ್ಲವಲ್ಲ. ಖಜಾನೆ ವಿಭಾಗ, ದೊಡ್ಡ ಸಾಲಗಳ ಮಂಜೂರಾತಿ, ಕಾನೂನು, ಆಂತರಿಕ ತಪಾಸಣೆ, ತಂತ್ರಜ್ಞಾನ, ಸಿಬ್ಬಂದಿ ವಿಭಾಗ ಎಲ್ಲ ಅಲ್ಲೇ ಇರುತ್ತವೆ. ಅದನ್ನು ನಂಬಿ ಊರಿನ ಲೆಕ್ಕಪರಿಶೋಧಕರು, ವಕೀಲರು, ಮುದ್ರಣಾಲಯದವರು, ಕ್ಯಾಂಟೀನಿನವರು ಬದುಕುತ್ತಾರೆ. ದೇಶವೆಲ್ಲ ಸುತ್ತಿದ ಅಧಿಕಾರಿಗೆ ನಿವೃತ್ತಿಗೆ ನಾಲ್ಕೈದು ವರ್ಷ ಇರುವಾಗ ಪ್ರಧಾನ ಕಚೇರಿಗೆ ವರ್ಗ ಮಾಡಿಸಿಕೊಂಡು ವಯಸ್ಸಾದ ತಂದೆತಾಯಿಯ ಬಳಿ ಬರುವ ಅವಕಾಶವೂ ಇತ್ತು. ಕಾರ್ಪೊರೇಷನ್ ಬ್ಯಾಂಕಿನವರಿಗೆ ಮಂಗಳೂರಿನ ಆ ದಾರಿ ಕಿರಿದಾಯಿತು. ಶಾಖೆಗಳು ಉಳಿದಿವೆ, ತೀರ್ಮಾನ ಕೈಗೊಳ್ಳುವ ಹುದ್ದೆಗಳು ಮುಂಬೈಯಲ್ಲಿವೆ.

ನೇಮಕಾತಿಯೂ ಬದಲಾಗಿದೆ, ಆದರೆ ಅದಕ್ಕೆ ವಿಲೀನ ಕಾರಣವಲ್ಲ. ಹಿಂದೆ ಪ್ರತಿ ಬ್ಯಾಂಕೂ ತನ್ನದೇ ಪರೀಕ್ಷೆ ನಡೆಸುತ್ತಿತ್ತು. 2011ರಿಂದ ಸ್ಟೇಟ್ ಬ್ಯಾಂಕ್ ಬಿಟ್ಟು ಉಳಿದ ಸರ್ಕಾರಿ ಬ್ಯಾಂಕುಗಳಿಗೆ ಐಬಿಪಿಎಸ್ ಸಂಸ್ಥೆಯ ಒಂದೇ ಪರೀಕ್ಷೆ. ಇದರಲ್ಲಿ ಪೋಷಕರು ಗಮನಿಸಬೇಕಾದ ವ್ಯತ್ಯಾಸವೊಂದಿದೆ. ಗುಮಾಸ್ತ ಹುದ್ದೆಗೆ ನೇಮಕ ರಾಜ್ಯವಾರು ನಡೆಯುತ್ತದೆ. ಅಭ್ಯರ್ಥಿ ಒಂದೇ ರಾಜ್ಯಕ್ಕೆ ಅರ್ಜಿ ಹಾಕಬೇಕು, ಆ ರಾಜ್ಯದ ಭಾಷೆ ತಿಳಿದಿರಬೇಕು. ಕರ್ನಾಟಕಕ್ಕೆ ಹಾಕಿದರೆ ಬೀದರಿಗೋ ರಾಯಚೂರಿಗೋ ಹೋಗಬೇಕಾಗಬಹುದು, ಆದರೆ ರಾಜ್ಯದೊಳಗೇ ಇರುವ ಸಾಧ್ಯತೆ ಹೆಚ್ಚು. ಅಧಿಕಾರಿ ಹುದ್ದೆಗೆ ದೇಶದ ಯಾವ ಮೂಲೆಗೂ ವರ್ಗವಾಗಬಹುದು. ಗುಮಾಸ್ತರಿಗೆ 20ರಿಂದ 28 ವರ್ಷ, ಅಧಿಕಾರಿಗೆ 20ರಿಂದ 30 ವರ್ಷ ಸಾಮಾನ್ಯ ವಯೋಮಿತಿ. ಎರಡಕ್ಕೂ ಯಾವುದೇ ಪದವಿ ಸಾಕು. ಮನೆಯ ಒಬ್ಬಳೇ ಮಗಳು, ಊರು ಬಿಡಲಾಗದು ಎಂಬ ಪರಿಸ್ಥಿತಿ ಇದ್ದರೆ "ಅಧಿಕಾರಿಯೇ ಆಗಬೇಕು" ಎಂದು ಹಟ ಹಿಡಿಯುವ ಮೊದಲು ಈ ವ್ಯತ್ಯಾಸ ತಿಳಿದಿರಲಿ.

ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು 2019ರಿಂದ ಕನ್ನಡದಲ್ಲೂ ಬರೆಯಬಹುದು. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿಯ ಬ್ಯಾಂಕಿನೊಂದಿಗೆ ಸೇರಿ ಒಂದೇ ಆಗಿದೆ. ಹಾಗಾಗಿ ಬೆಳಗಾವಿ, ಧಾರವಾಡ ಕಡೆಯ ನಮ್ಮ ಮನೆಗಳಿಗೂ ಮಂಗಳೂರಿನ ಅನುಭವ ಹೊಸದೇನಲ್ಲ.

ಕೆಲವರು ಕೇಳುತ್ತಾರೆ: ಜೈನರಿಗೆ 2014ರಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತ ಸ್ಥಾನ ಸಿಕ್ಕಿದೆಯಲ್ಲ, ಬ್ಯಾಂಕ್ ಹುದ್ದೆಯಲ್ಲಿ ಮೀಸಲಾತಿ ಇಲ್ಲವೇ ಎಂದು. ಅಲ್ಪಸಂಖ್ಯಾತ ಎಂಬ ಕಾರಣಕ್ಕೆ ಸೀಟು ಮೀಸಲಿಲ್ಲ. ಪರೀಕ್ಷಾಪೂರ್ವ ತರಬೇತಿಯ ಅವಕಾಶವನ್ನು ಐಬಿಪಿಎಸ್ ಅಧಿಸೂಚನೆಗಳಲ್ಲಿ ಕೊಡುವುದುಂಟು. ಅರ್ಜಿ ತುಂಬುವಾಗ ಆ ಕಲಂ ನೋಡಿ.

ಬ್ಯಾಂಕಿನ ಹೊರಗೆ ನೋಡಿದರೂ ಕಥೆ ಹೀಗೆಯೇ ಇದೆ. ಎಂಆರ್‌ಪಿಎಲ್ ತೈಲಾಗಾರ 2003ರಲ್ಲಿ ಒಎನ್‌ಜಿಸಿ ಪಾಲಾಯಿತು. ವಿಮಾನ ನಿಲ್ದಾಣದ ನಿರ್ವಹಣೆ 2020ರ ಅಕ್ಟೋಬರ್ 31ರಿಂದ ಅದಾನಿ ಸಮೂಹದ ಕೈಯಲ್ಲಿದೆ. ಪಣಂಬೂರಿನ ಎಂಸಿಎಫ್ ರಸಗೊಬ್ಬರ ಕಂಪನಿಯನ್ನು ಪಾರಾದೀಪ್ ಫಾಸ್ಫೇಟ್ಸ್‌ನೊಂದಿಗೆ ಸೇರಿಸುವ ಯೋಜನೆ 2024ರಲ್ಲಿ ಪ್ರಕಟವಾಯಿತು. ಉಡುಪಿಯ ರೋಬೋಸಾಫ್ಟ್ ಕಂಪನಿಯನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೋ ಕೊಂಡಿತು. ಇವುಗಳಲ್ಲಿ ಕೆಲಸ ಮಾಡುವ ಸ್ಥಳ ಇಲ್ಲೇ ಇದೆ. ಒಡೆತನ ಬೇರೆಡೆ ಇದೆ. ಒಡೆಯರು ಬದಲಾದದ್ದೆಲ್ಲ ಕೆಟ್ಟದ್ದೇ ಎಂದು ನಾನು ಹೇಳುವುದಿಲ್ಲ, ಹೊರಗಿನ ಬಂಡವಾಳ ಬಂದು ಕೆಲಸ ಹೆಚ್ಚುವುದೂ ಉಂಟು. ಆದರೆ ವಿಸ್ತರಣೆ, ಕಡಿತ, ವರ್ಗಾವಣೆಯ ನಿರ್ಧಾರ ಇಲ್ಲಿ ಆಗುವುದಿಲ್ಲ. ಆದ್ದರಿಂದ ಸಂದರ್ಶನಕ್ಕೆ ಹೋಗುವ ಮಕ್ಕಳು ಸಂಬಳದ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿಬರಲಿ: ನೇಮಕ ಕಂಪನಿಯ ನೇರ ನೌಕರಿಯೋ, ಗುತ್ತಿಗೆದಾರರ ಮೂಲಕವೋ? ಐದು ವರ್ಷದ ನಂತರ ಬಡ್ತಿ ಸಿಕ್ಕರೆ ಆ ಹುದ್ದೆ ಮಂಗಳೂರಿನಲ್ಲಿ ಇದೆಯೇ?

ಊರಲ್ಲೇ ಇರಬೇಕೆನ್ನುವವರಿಗೆ ಆಸ್ಪತ್ರೆ ಮತ್ತು ಶಿಕ್ಷಣ ಸಂಸ್ಥೆಗಳು ಉಳಿದಿವೆ. ಸುರತ್ಕಲ್, ದೇರಳಕಟ್ಟೆ, ಮೂಡುಬಿದಿರೆ, ಉಜಿರೆಯವರೆಗೆ ಅವು ಹಬ್ಬಿವೆ. ಪ್ರಯೋಗಾಲಯ ತಂತ್ರಜ್ಞ, ಶುಶ್ರೂಷೆ, ಔಷಧ ವಿಭಾಗ, ಲೆಕ್ಕಪತ್ರ ಇವೆಲ್ಲ ಅಲ್ಲಿ ಸದಾ ಬೇಕಾಗುವ ಕೆಲಸಗಳು. ಬ್ಯಾಂಕಿನಷ್ಟು ಭದ್ರತೆ ಎಲ್ಲ ಕಡೆ ಇಲ್ಲ ಎಂಬುದೂ ನಿಜ.

ಸ್ವಂತ ಉದ್ಯೋಗದ ಯೋಚನೆ ಇರುವವರಿಗೆ ಉಜಿರೆಯ ರುಡ್‌ಸೆಟ್ ಇದೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಧರ್ಮಸ್ಥಳದ ಟ್ರಸ್ಟ್ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಂದಿಗೆ 1982ರಲ್ಲಿ ಇದನ್ನು ಆರಂಭಿಸಿತು. ಊಟ, ವಸತಿ ಸಹಿತ ತರಬೇತಿ ಉಚಿತ. ಇದೇ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿ ಕೇಂದ್ರಗಳು ಬಂದಿವೆ. ನಿಮ್ಮ ಜಿಲ್ಲೆಯ ಕೇಂದ್ರದ ವಿಳಾಸ ಅಲ್ಲಿನ ಲೀಡ್ ಬ್ಯಾಂಕ್ ಕಚೇರಿಯಲ್ಲಿ ಸಿಗುತ್ತದೆ.