ರಷ್ಯಾದಲ್ಲಿ ವಿದೇಶಿಯರ ಪ್ರವಾಸ

ರಷ್ಯಾ ಒಕ್ಕೂಟಕ್ಕೆ ಹೊರದೇಶಗಳ ಪ್ರಜೆಗಳು ಕೈಗೊಳ್ಳುವ ಅಲ್ಪಾವಧಿಯ ಭೇಟಿ, ಅದಕ್ಕೆ ಬೇಕಾದ ಅನುಮತಿಗಳು ಹಾಗೂ ದೇಶದೊಳಗಿನ ಅವರ ಸಂಚಾರವನ್ನು ಈ ಲೇಖನ ವಿವರಿಸುತ್ತದೆ. ಸುಮಾರು 1 ಕೋಟಿ 71 ಲಕ್ಷ ಚದರ ಕಿಲೋಮೀಟರ್ ವಿಸ್ತೀರ್ಣದ ರಷ್ಯಾ ಜಗತ್ತಿನ ಅತಿ ದೊಡ್ಡ ದೇಶವಾಗಿದ್ದು, 11 ಕಾಲವಲಯಗಳಲ್ಲಿ ಹರಡಿದೆ. ಹಲವು ದೇಶಗಳಲ್ಲಿ ಗಡಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದರೊಂದಿಗೆ ಪ್ರವಾಸಿಯ ಕಾಗದಪತ್ರಗಳ ಕೆಲಸ ಮುಗಿಯುತ್ತದೆ. ರಷ್ಯಾದಲ್ಲಿ ಅದರ ಎರಡನೆಯ ಹಂತ ಅಲ್ಲಿಂದಲೇ ಆರಂಭವಾಗುತ್ತದೆ. ವಿದೇಶಿಯು ದೇಶದೊಳಗೆ ಬಂದಿರುವುದು ಮಾತ್ರವಲ್ಲದೆ, ಎಲ್ಲಿ ತಂಗಿದ್ದಾನೆ ಎಂಬುದೂ ಸರ್ಕಾರಕ್ಕೆ ತಿಳಿದಿರಬೇಕು ಎಂಬ ನಿಯಮವು ಬೇರೆ ಬೇರೆ ರೂಪಗಳಲ್ಲಿ ಶತಮಾನಗಳಿಂದ ಉಳಿದುಬಂದಿದೆ.

ಹಿನ್ನೆಲೆ

ಮಾಸ್ಕೋ ರಾಜ್ಯವನ್ನು ಪಶ್ಚಿಮ ಯುರೋಪಿಗೆ ವಿವರವಾಗಿ ಪರಿಚಯಿಸಿದ ಮೊದಲಿಗರಲ್ಲಿ ಹ್ಯಾಬ್ಸ್‌ಬರ್ಗ್ ರಾಯಭಾರಿ ಸಿಗಿಸ್ಮಂಡ್ ಫಾನ್ ಹರ್ಬರ್‌ಸ್ಟೈನ್ ಪ್ರಮುಖನು. ಅವನು 1517 ಮತ್ತು 1526ರಲ್ಲಿ ಅಲ್ಲಿಗೆ ಹೋಗಿದ್ದನು. ಅವನ ಲ್ಯಾಟಿನ್ ಗ್ರಂಥ 1549ರಲ್ಲಿ ಪ್ರಕಟವಾಯಿತು. 1652ರಲ್ಲಿ ಸಾರ್ ಅಲೆಕ್ಸಿ, ಮಾಸ್ಕೋದ ವಿದೇಶಿಯರೆಲ್ಲ ನಗರದ ಅಂಚಿನ ಒಂದೇ ಕೇರಿಯಲ್ಲಿ ವಾಸಿಸಬೇಕೆಂದು ಆಜ್ಞೆ ಹೊರಡಿಸಿದನು. ಆ ಕೇರಿಗೆ 'ನೆಮೆತ್ಸ್ಕಾಯಾ ಸ್ಲೊಬೊಡಾ' ಎಂಬ ಹೆಸರಿತ್ತು. ಇಂದು ಜರ್ಮನ್ ಜನರನ್ನು ಸೂಚಿಸುವ 'ನೆಮೆತ್ಸ್' ಎಂಬ ರಷ್ಯನ್ ಪದ 'ಮೂಗ' ಎಂಬರ್ಥದ ಪದದಿಂದ ಬಂದಿದೆ. ರಷ್ಯನ್ ಮಾತನಾಡಲು ಬಾರದವರೆಲ್ಲರೂ ಒಂದು ಕಾಲಕ್ಕೆ ಆ ಹೆಸರಿಗೆ ಒಳಪಡುತ್ತಿದ್ದರು.

19ನೆಯ ಶತಮಾನದಲ್ಲಿ ಅಂಚೆ ಕುದುರೆಗಳ ಮೂಲಕ ಪ್ರಯಾಣಿಸುವವರು, ದೇಶೀಯರಾಗಲಿ ವಿದೇಶೀಯರಾಗಲಿ, 'ಪೊದೊರೊಝ್ನಾಯಾ' ಎಂಬ ರಹದಾರಿ ಪತ್ರವನ್ನು ಹೊಂದಿರಬೇಕಿತ್ತು. ಅದಿಲ್ಲದೆ ಅಂಚೆ ಠಾಣೆಗಳಲ್ಲಿ ಕುದುರೆ ದೊರೆಯುತ್ತಿರಲಿಲ್ಲ. ದೇಶವನ್ನು ಬಿಡುವುದೂ ಸುಲಭವಾಗಿರಲಿಲ್ಲ. ಹೊರಡುವ ವಿದೇಶಿಯು ತನ್ನ ಹೆಸರನ್ನು ಪತ್ರಿಕೆಯಲ್ಲಿ ಮೂರು ಬಾರಿ ಪ್ರಕಟಿಸಬೇಕಿತ್ತು. ಸಾಲ ಕೊಟ್ಟವರು ಎಚ್ಚೆತ್ತುಕೊಳ್ಳಲಿ ಎಂಬುದು ಇದರ ಉದ್ದೇಶ. 1839ರಲ್ಲಿ ಬಂದ ಫ್ರೆಂಚ್ ಲೇಖಕ ಮಾರ್ಕೀ ದ ಕುಸ್ತೀನ್, ಈ ಕಾವಲು ಮತ್ತು ಗೋಪ್ಯತೆಯನ್ನೇ ತನ್ನ ಪ್ರವಾಸಕಥನದ ಮುಖ್ಯ ವಸ್ತುವಾಗಿಸಿದನು. 1843ರಲ್ಲಿ ಹೊರಬಂದ ಆ ಪುಸ್ತಕವನ್ನು ರಷ್ಯಾದಲ್ಲಿ ನಿಷೇಧಿಸಲಾಯಿತು.

ಸೋವಿಯತ್ ಕಾಲ

1929ರಲ್ಲಿ ಸ್ಥಾಪನೆಯಾದ 'ಇನ್‌ಟೂರಿಸ್ಟ್' ಎಂಬ ಸರ್ಕಾರಿ ಸಂಸ್ಥೆ ವಿದೇಶಿ ಪ್ರವಾಸಿಗರ ವಸತಿ, ಊಟ, ವಾಹನ ಮತ್ತು ಮಾರ್ಗದರ್ಶಿಗಳ ಹೊಣೆ ಹೊತ್ತಿತ್ತು. ಪ್ರವಾಸಿಯು ಮುಂಗಡವಾಗಿ ಹಣ ತೆತ್ತು ವೋಚರುಗಳನ್ನು ಪಡೆಯುತ್ತಿದ್ದನು. ಯಾವ ನಗರದಲ್ಲಿ ಎಷ್ಟು ದಿನ ಎಂಬುದು ಹೊರಡುವ ಮುನ್ನವೇ ನಿಗದಿಯಾಗುತ್ತಿತ್ತು. ಹೋಟೆಲಿನ ಪ್ರತಿ ಮಹಡಿಯಲ್ಲಿ 'ದೆಝೂರ್ನಾಯಾ' ಎಂದು ಕರೆಯಲಾಗುವ ಮಹಿಳೆ ಕುಳಿತಿರುತ್ತಿದ್ದಳು. ಕೋಣೆಯ ಬೀಗದ ಕೈ ಅವಳ ಬಳಿ ಇರುತ್ತಿದ್ದುದರಿಂದ ಅತಿಥಿಯ ಹೋಗುಬರುವಿಕೆಯೆಲ್ಲ ಅವಳ ಕಣ್ಣಿಗೆ ಬೀಳುತ್ತಿತ್ತು. ಚಹಾ ಬೇಕಾದವರಿಗೆ ಬಿಸಿನೀರು ಒದಗಿಸುತ್ತಿದ್ದವಳೂ ಅವಳೇ.

ಸರ್ಕಾರದ ಅಥವಾ ಸಾಂಸ್ಕೃತಿಕ ಸಂಸ್ಥೆಗಳ ಅತಿಥಿಗಳಾಗಿ ಹೋದವರ ಅನುಭವ ಇದಕ್ಕಿಂತ ಭಿನ್ನವಾಗಿತ್ತು. ಜವಾಹರಲಾಲ್ ನೆಹರೂ 1927ರಲ್ಲಿ, ರವೀಂದ್ರನಾಥ ಟಾಗೋರ್ 1930ರಲ್ಲಿ ಮಾಸ್ಕೋಗೆ ಭೇಟಿ ನೀಡಿ ತಮ್ಮ ಅನುಭವಗಳನ್ನು ಬರೆದರು. ಕನ್ನಡದಲ್ಲಿ ಜಿ. ಎಸ್. ಶಿವರುದ್ರಪ್ಪನವರ 'ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ' ಈ ಕಾಲದ ಪ್ರವಾಸಕಥನವಾಗಿದ್ದು, ಅದಕ್ಕೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ದೊರೆತಿದೆ. ಇಂತಹ ಕೃತಿಗಳನ್ನು ಓದುವಾಗ, ಅವು ಆಹ್ವಾನಿತರು ಕಂಡ ರಷ್ಯಾ ಎಂಬುದನ್ನು ಗಮನದಲ್ಲಿಡುವುದು ಉಪಯುಕ್ತ.

ದೇಶದ ಬಹುಭಾಗ ವಿದೇಶಿಯರಿಗೆ ಮುಚ್ಚಿತ್ತು. ಪೆಸಿಫಿಕ್ ನೌಕಾಪಡೆಯ ನೆಲೆಯಾದ ವ್ಲಾಡಿವೋಸ್ಟಾಕ್ 1992ರ ಜನವರಿ 1ರಂದು ಮಾತ್ರ ತೆರೆಯಿತು. ವೋಲ್ಗಾ ನದಿಯ ದಂಡೆಯ ಗೋರ್ಕಿ ನಗರ (ಇಂದಿನ ನಿಝ್ನಿ ನೋವ್ಗೊರೋದ್) ಸೇನಾ ಕೈಗಾರಿಕೆಗಳ ಕಾರಣದಿಂದ ಮುಚ್ಚಿತ್ತು. ಭೌತವಿಜ್ಞಾನಿ ಆಂದ್ರೆ ಸಖಾರೊವ್ ಅವರನ್ನು 1980ರಲ್ಲಿ ಗಡೀಪಾರು ಮಾಡಲು ಆ ನಗರವನ್ನು ಆರಿಸಿದ್ದಕ್ಕೆ ಇದೇ ಮುಖ್ಯ ಕಾರಣ: ವಿದೇಶಿ ಪತ್ರಕರ್ತರಾರೂ ಅಲ್ಲಿಗೆ ಹೋಗುವಂತಿರಲಿಲ್ಲ. ಅವರು 1986ರವರೆಗೆ ಅಲ್ಲಿಯೇ ಇದ್ದರು. 2018ರ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳು ಇದೇ ನಿಝ್ನಿ ನೋವ್ಗೊರೋದ್‌ನಲ್ಲಿಯೂ, ಹಿಂದೆ ಮುಚ್ಚಿದ್ದ ಮತ್ತೊಂದು ನಗರ ಕಲಿನಿನ್‌ಗ್ರಾದ್‌ನಲ್ಲಿಯೂ ನಡೆದವು. ಆ ಸಂದರ್ಭದಲ್ಲಿ ಪಂದ್ಯದ ಟಿಕೆಟ್ಟಿನೊಂದಿಗೆ 'ಫ್ಯಾನ್ ಐಡಿ' ಹೊಂದಿದ್ದ ವಿದೇಶಿಯರಿಗೆ ವೀಸಾ ಇಲ್ಲದೆ ಪ್ರವೇಶ ನೀಡಲಾಯಿತು.

ಮುಚ್ಚಿದ ಊರುಗಳು ಇಂದಿಗೂ ಇವೆ. ಪರಮಾಣು ಸಂಶೋಧನೆಯ ಸರೋವ್ ಮತ್ತು ಆರ್ಕ್ಟಿಕ್ ವೃತ್ತದಾಚೆಯ ನಿಕ್ಕಲ್ ಗಣಿಗಾರಿಕೆಯ ನಗರ ನೊರಿಲ್ಸ್ಕ್‌ಗೆ ಹೋಗಲು ವಿದೇಶಿಯರಿಗೆ ವಿಶೇಷ ಅನುಮತಿ ಬೇಕು. ಅಂತಾರಾಷ್ಟ್ರೀಯ ಗಡಿಗೆ ಹೊಂದಿಕೊಂಡ ಅನೇಕ ಪ್ರದೇಶಗಳಿಗೂ ಇದೇ ಬಗೆಯ ನಿರ್ಬಂಧವಿದೆ.

ವೀಸಾ

ಭಾರತೀಯ ನಾಗರಿಕರಿಗೆ ರಷ್ಯಾ ಪ್ರವೇಶಿಸಲು ವೀಸಾ ಅಗತ್ಯ. ಸಾಂಪ್ರದಾಯಿಕ ಪ್ರವಾಸಿ ವೀಸಾಕ್ಕೆ ರಷ್ಯಾದ ಮಾನ್ಯತೆ ಪಡೆದ ಪ್ರವಾಸ ಸಂಸ್ಥೆ ಅಥವಾ ಹೋಟೆಲಿನಿಂದ ಆಹ್ವಾನಪತ್ರ ಬೇಕಾಗುತ್ತಿತ್ತು. ಸೋವಿಯತ್ ವೋಚರಿನ ನೆರಳನ್ನು ಇದರಲ್ಲಿ ಕಾಣಬಹುದು. 2023ರ ಆಗಸ್ಟ್ 1ರಿಂದ ಭಾರತವೂ ಸೇರಿದಂತೆ 55 ದೇಶಗಳ ನಾಗರಿಕರಿಗೆ ಏಕೀಕೃತ ಇ-ವೀಸಾ ಜಾರಿಗೆ ಬಂದಿತು. ಇದಕ್ಕೆ ಆಹ್ವಾನಪತ್ರ ಬೇಕಿಲ್ಲ. ಆರಂಭದಲ್ಲಿ ಇದರ ಮೇಲೆ ಗರಿಷ್ಠ 16 ದಿನ ತಂಗಬಹುದಾಗಿತ್ತು. 2025ರಲ್ಲಿ ಈ ಅವಧಿಯನ್ನು 30 ದಿನಗಳಿಗೆ ಹೆಚ್ಚಿಸಲಾಯಿತು.

ಇ-ವೀಸಾದಲ್ಲಿ ಎರಡು ಅಂಶಗಳು ಪ್ರವಾಸಿಗರನ್ನು ತೊಂದರೆಗೆ ಸಿಲುಕಿಸುತ್ತವೆ. ಇದು ಒಂದೇ ಬಾರಿಯ ಪ್ರವೇಶಕ್ಕೆ ಸೀಮಿತವಾಗಿದ್ದು, ಸರ್ಕಾರ ಪಟ್ಟಿ ಮಾಡಿರುವ ತಪಾಸಣಾ ಠಾಣೆಗಳಲ್ಲಿ ಮಾತ್ರ ಮಾನ್ಯವಾಗುತ್ತದೆ. ಎರಡನೆಯದಾಗಿ, ದಿನಗಳ ಎಣಿಕೆ ಗಂಟೆಗಳ ಮೇಲೆ ನಡೆಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಬಂದಿಳಿದರೂ ಅಂದಿನ ದಿನ ಒಂದು ಪೂರ್ಣ ದಿನವಾಗಿಯೇ ಲೆಕ್ಕಕ್ಕೆ ಸೇರುತ್ತದೆ.

ವಾಸಸ್ಥಳದ ನೋಂದಣಿ

ಪ್ರವೇಶದ ವೇಳೆ ವಿದೇಶಿಗೆ 'ವಲಸೆ ಚೀಟಿ' ದೊರೆಯುತ್ತದೆ. ಅದರ ಒಂದು ಭಾಗ ಗಡಿ ಅಧಿಕಾರಿಯ ಬಳಿ ಉಳಿಯುತ್ತದೆ. ಇನ್ನೊಂದನ್ನು ಪ್ರವಾಸಿಯು ದೇಶ ಬಿಡುವವರೆಗೂ ಜೋಪಾನವಾಗಿ ಇಟ್ಟುಕೊಂಡಿರಬೇಕು. ನೋಡಲು ಬಸ್ ಟಿಕೆಟ್ಟಿನಷ್ಟು ಸಾಧಾರಣವಾದ ಈ ಚೀಟಿಯೇ ಮುಂದಿನ ನೋಂದಣಿಗೆ ಆಧಾರ.

2007ರ ಜನವರಿಯವರೆಗೆ ವಿದೇಶಿಯು ಮೂರು ಕೆಲಸದ ದಿನಗಳೊಳಗೆ ತನ್ನ ಹೆಸರನ್ನು ನೋಂದಾಯಿಸಿಕೊಳ್ಳಬೇಕಿತ್ತು. 2006ರ ಹೊಸ ಕಾನೂನು ಆ ಹೊಣೆಯನ್ನು ಅತಿಥಿಯಿಂದ ಆತಿಥೇಯನಿಗೆ ವರ್ಗಾಯಿಸಿತು. ಹೋಟೆಲಿನಲ್ಲಿ ತಂಗಿದವರ ಮಾಹಿತಿಯನ್ನು ಹೋಟೆಲೇ ಒಂದು ಕೆಲಸದ ದಿನದೊಳಗೆ ಆಂತರಿಕ ಸಚಿವಾಲಯದ ವಲಸೆ ವಿಭಾಗಕ್ಕೆ ತಲುಪಿಸುತ್ತದೆ. ಭಾರತದಲ್ಲಿ ವಿದೇಶಿ ಅತಿಥಿಗಳಿಗಾಗಿ ಹೋಟೆಲುಗಳು ಸಲ್ಲಿಸುವ 'ಫಾರ್ಮ್ ಸಿ' ಇದೇ ಜಾತಿಯದು. ಆದ್ದರಿಂದ ಹೋಟೆಲಿನಲ್ಲೇ ಉಳಿಯುವ ಪ್ರವಾಸಿಗೆ ಇಂತಹ ಕಾನೂನೊಂದು ಇದೆ ಎಂಬುದೇ ಗೊತ್ತಾಗದೆ ಪ್ರವಾಸ ಮುಗಿಯಬಹುದು.

ತೊಡಕು ಇರುವುದು ಸ್ನೇಹಿತರ ಮನೆ ಅಥವಾ ಬಾಡಿಗೆ ಕೋಣೆಯಲ್ಲಿ ಉಳಿಯುವವರಿಗೆ. ಆಗ ಮನೆಯ ಮಾಲೀಕನು ಏಳು ಕೆಲಸದ ದಿನಗಳೊಳಗೆ ನಿಗದಿತ ನಮೂನೆಯನ್ನು ಸಲ್ಲಿಸಬೇಕಾಗುತ್ತದೆ. ತೆರಿಗೆ ಇಲಾಖೆಯ ಕಣ್ಣಿಗೆ ಬೀಳದಂತೆ ಮನೆ ಬಾಡಿಗೆಗೆ ಕೊಟ್ಟ ಮಾಲೀಕರು ಇದಕ್ಕೆ ಹಿಂಜರಿಯುವುದುಂಟು. ನೋಂದಣಿಯ ದೃಢೀಕರಣ ಚೀಟಿ ಇಲ್ಲದಿದ್ದರೆ ರಸ್ತೆಯಲ್ಲೋ ಮೆಟ್ರೋ ನಿಲ್ದಾಣದಲ್ಲೋ ಪೊಲೀಸರು ದಾಖಲೆ ಕೇಳಿದಾಗ ಮೊದಲು ಉತ್ತರ ಹೇಳಬೇಕಾದವನು ವಿದೇಶಿಯೇ. ವಲಸೆ ನಿಯಮಗಳ ಉಲ್ಲಂಘನೆಗೆ ದಂಡವಿದೆ. ಮಾಸ್ಕೋ ಮತ್ತು ಸೇಂಟ್ ಪೀಟರ್ಸ್‌ಬರ್ಗ್ ನಗರಗಳಲ್ಲಿ ಶಿಕ್ಷೆ ಹೆಚ್ಚು ಕಠಿಣವಾಗಿದ್ದು, ದೇಶದಿಂದ ಹೊರಹಾಕುವುದೂ ಅದರಲ್ಲಿ ಸೇರಿದೆ. ಹಲವು ರಾತ್ರಿಗಳನ್ನು ರೈಲಿನಲ್ಲೇ ಕಳೆಯುವ ಪ್ರವಾಸಿಗರು ಆ ದಿನಗಳಿಗೆ ಸಾಕ್ಷಿಯಾಗಿ ಟಿಕೆಟ್ಟುಗಳನ್ನು ಉಳಿಸಿಕೊಳ್ಳುವ ರೂಢಿಯಿದೆ.

ರೈಲು ಪ್ರಯಾಣ

ದೂರದ ಊರುಗಳ ನಡುವೆ ವಿಮಾನಗಳಿದ್ದರೂ ರಷ್ಯಾವನ್ನು ನೋಡಬೇಕೆಂದು ಬರುವವರು ಹೆಚ್ಚಾಗಿ ರೈಲನ್ನು ಆರಿಸಿಕೊಳ್ಳುತ್ತಾರೆ. ಮಾಸ್ಕೋದ ಯಾರೊಸ್ಲಾವ್ಸ್ಕಿ ನಿಲ್ದಾಣದಿಂದ ವ್ಲಾಡಿವೋಸ್ಟಾಕ್‌ವರೆಗಿನ ಟ್ರಾನ್ಸ್-ಸೈಬೀರಿಯನ್ ಮಾರ್ಗದ ಉದ್ದ 9,288 ಕಿಲೋಮೀಟರ್. ನಿರ್ಮಾಣ 1891ರಲ್ಲಿ ಆರಂಭವಾಗಿ 1916ರಲ್ಲಿ ಪೂರ್ಣಗೊಂಡಿತು. ಎಲ್ಲಿಯೂ ಇಳಿಯದೆ ಹೋದರೆ ಆರರಿಂದ ಏಳು ದಿನ ಹಿಡಿಯುತ್ತದೆ. ಹಳಿಗಳ ಅಂತರ 1,520 ಮಿಲಿಮೀಟರ್, ಅಂದರೆ ಯುರೋಪಿನ ಸಾಮಾನ್ಯ ಅಳತೆಗಿಂತ ಹೆಚ್ಚು, ಭಾರತದ ಬ್ರಾಡ್‌ಗೇಜ್‌ಗಿಂತ (1,676 ಮಿ.ಮೀ.) ಕಡಿಮೆ.

ಬೋಗಿಗಳಲ್ಲಿ ಮೂರು ದರ್ಜೆಗಳು ಪ್ರಮುಖ: ಇಬ್ಬರ ಕೋಣೆಗಳ 'ಎಸ್‌ವಿ', ನಾಲ್ವರ ಕೋಣೆಗಳ 'ಕುಪೆ', ಮತ್ತು ಬಾಗಿಲಿಲ್ಲದ 54 ಮಲಗುಸ್ಥಾನಗಳ 'ಪ್ಲಾತ್ಸ್‌ಕಾರ್ತ್'. ಕೊನೆಯದು ಭಾರತದ ಸ್ಲೀಪರ್ ದರ್ಜೆಯನ್ನು ಬಲ್ಲವರಿಗೆ ತಕ್ಷಣ ಪರಿಚಿತವೆನಿಸುತ್ತದೆ; ಓಡಾಡುವ ದಾರಿಯ ಪಕ್ಕದಲ್ಲಿ ಸೈಡ್ ಲೋವರ್, ಸೈಡ್ ಅಪ್ಪರ್‌ಗಳೂ ಇವೆ. ವ್ಯತ್ಯಾಸವಿರುವುದು ನಿರ್ವಹಣೆಯಲ್ಲಿ. ಪ್ರತಿ ಬೋಗಿಗೂ 'ಪ್ರೊವೊದ್ನಿಕ್' ಅಥವಾ, ಮಹಿಳೆಯಾದರೆ, 'ಪ್ರೊವೊದ್ನಿತ್ಸಾ' ಎಂಬ ಪರಿಚಾರಕರು ಇರುತ್ತಾರೆ. ಬಾಗಿಲಲ್ಲಿ ಪಾಸ್‌ಪೋರ್ಟನ್ನು ಟಿಕೆಟ್ಟಿನೊಂದಿಗೆ ತಾಳೆ ನೋಡುವುದು, ಹಾಸಿಗೆಯ ಬಟ್ಟೆ ಕೊಡುವುದು, ನೆಲ ಒರೆಸುವುದು, ಚಳಿಗಾಲದಲ್ಲಿ ಬೋಗಿಯನ್ನು ಬೆಚ್ಚಗಿಡುವುದು, ನಿಲ್ದಾಣ ಬರುವ ಮುನ್ನ ಎಬ್ಬಿಸುವುದು ಇವೆಲ್ಲವೂ ಅವರ ಕೆಲಸ. ಟಿಕೆಟ್ಟನ್ನು ಪಾಸ್‌ಪೋರ್ಟ್ ಸಂಖ್ಯೆಯೊಂದಿಗೆ ನೀಡಲಾಗುವುದರಿಂದ ಹೆಸರು ಅಥವಾ ಸಂಖ್ಯೆಯಲ್ಲಿ ತಪ್ಪಾದರೆ ಹತ್ತಿಸದೆ ಇರುವ ಅಧಿಕಾರವೂ ಅವರಿಗಿದೆ.

ಬೋಗಿಯ ಒಂದು ತುದಿಯಲ್ಲಿ 'ತಿತಾನ್' ಎಂಬ ಬಿಸಿನೀರಿನ ಹಂಡೆ ಹಗಲಿರುಳು ಕುದಿಯುತ್ತಿರುತ್ತದೆ, ನೀರಿಗೆ ಹಣವಿಲ್ಲ. ಚಹಾದ ಗಾಜಿನ ಲೋಟಕ್ಕೆ 'ಪೊದ್‌ಸ್ತಕಾನ್ನಿಕ್' ಎಂಬ ಹಿಡಿಯುಳ್ಳ ಲೋಹದ ಕವಚವನ್ನು ಪರಿಚಾರಕರಿಂದ ಪಡೆಯಬಹುದು. ದಿನಗಟ್ಟಲೆಯ ಪ್ರಯಾಣದಲ್ಲಿ ಊಟ ಹಂಚಿಕೊಳ್ಳುವುದು ವಾಡಿಕೆ, ಸಸ್ಯಾಹಾರಿಗಳು ಮಾತ್ರ ತಮ್ಮ ಬುತ್ತಿಯನ್ನು ತಾವೇ ಕಟ್ಟಿಕೊಂಡು ಹೋಗುವುದು ಕ್ಷೇಮ.

2018ರ ಆಗಸ್ಟ್ 1ರವರೆಗೆ ದೇಶದ ಎಲ್ಲ ರೈಲು ನಿಲ್ದಾಣಗಳ ಗಡಿಯಾರಗಳೂ ವೇಳಾಪಟ್ಟಿಗಳೂ ಮಾಸ್ಕೋ ಸಮಯವನ್ನೇ ಅನುಸರಿಸುತ್ತಿದ್ದವು. ವ್ಲಾಡಿವೋಸ್ಟಾಕ್ ಮಾಸ್ಕೋಗಿಂತ ಏಳು ಗಂಟೆ ಮುಂದಿರುವುದರಿಂದ, ಊರಲ್ಲಿ ಬೆಳಗಾಗಿದ್ದರೂ ನಿಲ್ದಾಣದೊಳಗೆ ಹಿಂದಿನ ದಿನವೇ ನಡೆಯುತ್ತಿದ್ದ ಸಂದರ್ಭಗಳುಂಟು. ಈಗ ಟಿಕೆಟ್ಟಿನಲ್ಲಿ ಸ್ಥಳೀಯ ಸಮಯವಿರುತ್ತದೆ. ಹಳೆಯ ಮಾರ್ಗದರ್ಶಿ ಪುಸ್ತಕಗಳನ್ನು ನಂಬಿದವರು ರೈಲು ತಪ್ಪಿಸಿಕೊಳ್ಳಬಹುದು.

ಹಣ

2022ರ ಮಾರ್ಚ್‌ನಲ್ಲಿ ವೀಸಾ ಮತ್ತು ಮಾಸ್ಟರ್‌ಕಾರ್ಡ್ ಸಂಸ್ಥೆಗಳು ರಷ್ಯಾದಲ್ಲಿ ತಮ್ಮ ವ್ಯವಹಾರ ನಿಲ್ಲಿಸಿದವು. ಅಂದಿನಿಂದ ಹೊರದೇಶದ ಬ್ಯಾಂಕುಗಳು ನೀಡಿದ ಇಂತಹ ಕಾರ್ಡುಗಳು ಅಲ್ಲಿ ಅಂಗಡಿಯಲ್ಲಾಗಲಿ ಎಟಿಎಂನಲ್ಲಾಗಲಿ ನಡೆಯುವುದಿಲ್ಲ. ದೇಶೀಯವಾಗಿ 'ಮಿರ್' ಕಾರ್ಡು ಬಳಕೆಯಲ್ಲಿದೆ. ಬುಕಿಂಗ್ ಡಾಟ್ ಕಾಮ್ ಮತ್ತು ಏರ್‌ಬಿಎನ್‌ಬಿ ಕೂಡ ಅದೇ ವರ್ಷ ಹಿಂದೆ ಸರಿದವು. ಹೀಗಾಗಿ ಪ್ರವಾಸಿಗರು ಡಾಲರ್ ಅಥವಾ ಯೂರೋ ನಗದನ್ನು ಒಯ್ದು ಬ್ಯಾಂಕುಗಳಲ್ಲಿ ರೂಬಲ್‌ಗೆ ಬದಲಾಯಿಸಿಕೊಳ್ಳುತ್ತಾರೆ. ಹಣ ಕಳೆದುಹೋದರೆ ಊರಿನಿಂದ ತರಿಸಿಕೊಳ್ಳುವ ಸುಲಭ ದಾರಿಯಿಲ್ಲ.

ಲಿಪಿ

ರಷ್ಯನ್ ಭಾಷೆಯನ್ನು 33 ಅಕ್ಷರಗಳ ಸಿರಿಲಿಕ್ ಲಿಪಿಯಲ್ಲಿ ಬರೆಯಲಾಗುತ್ತದೆ. ಕೆಲವು ಅಕ್ಷರಗಳು ಇಂಗ್ಲಿಷ್ ಅಕ್ಷರಗಳಂತೆಯೇ ಕಂಡರೂ ಉಚ್ಚಾರ ಬೇರೆ: 'ಪಿ'ಯಂತೆ ಕಾಣುವುದು 'ರ', 'ಎಚ್'ನಂತೆ ಕಾಣುವುದು 'ನ', 'ಸಿ'ಯಂತೆ ಕಾಣುವುದು 'ಸ'. ಇದರಿಂದಾಗಿ ಹೊಸಬರು 'ರೆಸ್ತೊರಾನ್' ಎಂಬ ಫಲಕವನ್ನು 'ಪೆಕ್ಟೊಪಾ' ಎಂದು ಓದುವುದು ಹಳೆಯ ತಮಾಷೆ. ಮಾಸ್ಕೋದ ಹೊರಗೆ ಇಂಗ್ಲಿಷ್ ಬಲ್ಲವರು ವಿರಳವಾದ್ದರಿಂದ ಒಂದೆರಡು ದಿನ ಕುಳಿತು ಲಿಪಿ ಕಲಿಯುವುದು ಯಾವ ಅನುವಾದ ಯಂತ್ರಕ್ಕಿಂತಲೂ ಹೆಚ್ಚು ನೆರವಾಗುತ್ತದೆ.

ಅಪಾಯಗಳು

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ಆಕ್ರಮಣ ಆರಂಭಿಸಿದ ಬಳಿಕ ಗಡಿಗೆ ಹತ್ತಿರದ ಬೆಲ್ಗೊರೋದ್, ಕೂರ್ಸ್ಕ್, ಬ್ರ್ಯಾನ್ಸ್ಕ್ ಪ್ರಾಂತ್ಯಗಳು ಶೆಲ್ ಮತ್ತು ಡ್ರೋನ್ ದಾಳಿಗೆ ಒಳಗಾಗಿವೆ. ಡ್ರೋನ್ ಭೀತಿಯಿಂದ ಮಾಸ್ಕೋದ ವಿಮಾನ ನಿಲ್ದಾಣಗಳೂ ಆಗಾಗ್ಗೆ ತಾತ್ಕಾಲಿಕವಾಗಿ ಮುಚ್ಚುತ್ತವೆ. ಮಾದಕ ವಸ್ತುಗಳ ಕಾನೂನು ಬಹಳ ಕಠಿಣವಾಗಿದ್ದು, ಬೇರೆ ದೇಶದಲ್ಲಿ ವೈದ್ಯರು ಬರೆದುಕೊಟ್ಟ ಔಷಧವೂ ಅದರ ವ್ಯಾಪ್ತಿಗೆ ಬರಬಹುದು. ಗಾಂಜಾ ಎಣ್ಣೆಯ ಕಾರಣಕ್ಕೆ 2022ರಲ್ಲಿ ಮಾಸ್ಕೋದ ವಿಮಾನ ನಿಲ್ದಾಣದಲ್ಲಿ ಬಂಧಿತರಾದ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಬ್ರಿಟ್ನಿ ಗ್ರೈನರ್‌ಗೆ ಒಂಬತ್ತು ವರ್ಷಗಳ ಶಿಕ್ಷೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೈದಿಗಳ ವಿನಿಮಯದಲ್ಲಿ ಅವರು ಬಿಡುಗಡೆಯಾದರು.

ಭಾರತೀಯರ ಮಟ್ಟಿಗೆ ಅತ್ಯಂತ ಗಂಭೀರವಾದದ್ದು ಸೇನಾ ನೇಮಕಾತಿಯ ಜಾಲ. ಉದ್ಯೋಗದ ಭರವಸೆ ನಂಬಿ ಹೋದ ಹಲವರನ್ನು ರಷ್ಯಾದ ಸೇನೆಗೆ ಸೇರಿಸಿ ಯುದ್ಧಭೂಮಿಗೆ ಕಳುಹಿಸಲಾಗಿದೆ ಎಂಬುದು 2024ರ ಆರಂಭದಲ್ಲಿ ಬೆಳಕಿಗೆ ಬಂದಿತು. ಅವರಲ್ಲಿ ಕಲಬುರಗಿ ಜಿಲ್ಲೆಯ ಯುವಕರೂ ಇದ್ದರು. ಆ ವರ್ಷದ ಮಾರ್ಚ್‌ನಲ್ಲಿ ಪಂಜಾಬ್ ಮತ್ತು ಹರಿಯಾಣದ ಯುವಕರ ಗುಂಪೊಂದು ವಿಡಿಯೊದಲ್ಲಿ ಹೇಳಿಕೊಂಡಂತೆ, ಅವರು ಪ್ರವಾಸಿಗರಾಗಿಯೇ ರಷ್ಯಾಕ್ಕೆ ಹೋಗಿದ್ದರು. ಏಜೆಂಟನೊಬ್ಬ ಅವರನ್ನು ನೆರೆಯ ಬೆಲಾರೂಸ್‌ಗೆ ಕರೆದೊಯ್ದನು. ಅಲ್ಲಿಗೆ ಬೇರೆ ವೀಸಾ ಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ವೀಸಾ ಇಲ್ಲದ ಕಾರಣ ಬಂಧಿಸಿ, ಸೆರೆಮನೆ ಅಥವಾ ಸೇನೆ ಎಂಬ ಆಯ್ಕೆಯನ್ನು ಮುಂದಿಡಲಾಯಿತು ಎಂಬುದು ಅವರ ಹೇಳಿಕೆ. ಅದೇ ತಿಂಗಳು ಕೇಂದ್ರೀಯ ತನಿಖಾ ದಳವು ಇಂತಹ ಜಾಲದ ಏಜೆಂಟರ ವಿರುದ್ಧ ಪ್ರಕರಣ ದಾಖಲಿಸಿತು. ಕಲಬುರಗಿಯ ಯುವಕರು ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದರು. ರಷ್ಯಾದ ಸೇನೆಗೆ ಸಂಬಂಧಿಸಿದ ಯಾವುದೇ ಉದ್ಯೋಗದ ಆಹ್ವಾನವನ್ನು ಒಪ್ಪಬಾರದೆಂದು ಭಾರತದ ವಿದೇಶಾಂಗ ಸಚಿವಾಲಯ ನಂತರವೂ ಹಲವು ಬಾರಿ ಎಚ್ಚರಿಸಿದೆ.